ಬೀಗ ಹಾಕಿದ ಪ್ರಬಂಧ, ನಲವತ್ತು ಸಂಪಾದನೆ ಬಾಕಿ

ಪ್ರಶ್ನೆ: ಮೇಡಂ, ನಾನು ಸಾಗರ ತಾಲ್ಲೂಕಿನವನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ಎರಡು ವರ್ಷದ ಹಿಂದೆ ನಿವೃತ್ತನಾದೆ. ಎಂಟು ತಿಂಗಳಿಂದ ಕನ್ನಡ ವಿಕಿಪೀಡಿಯದಲ್ಲಿ ಬರೆಯುತ್ತಿದ್ದೇನೆ. ಈಗ ಮಂಗನ ಕಾಯಿಲೆಯ ಬಗ್ಗೆ ಚೆನ್ನಾಗಿ ಬರೆಯೋಣ ಅಂತ ಕೂತಿದ್ದೇನೆ. ನಮ್ಮ ಕಡೆಯ ಕಾಯಿಲೆ ಅಲ್ವಾ? ಆದರೆ ಬೇಕಾದ ಸಂಶೋಧನಾ ಪ್ರಬಂಧ ತೆರೆಯಲು ಹೋದರೆ ಒಂದಕ್ಕೇ ಮೂರು ಸಾವಿರದ ಮೇಲೆ ದುಡ್ಡು ಕೇಳುತ್ತದೆ. ಸಾರಾಂಶ ಮಾತ್ರ ಕಾಣುತ್ತದೆ. ಸಂಪಾದಕರಿಗೆಂದೇ ಉಚಿತ ಲೈಬ್ರರಿ ಇದೆಯಂತೆ. ಅದು ನಿಜವೇ, ಇಲ್ಲ ಕಾರ್ಡ್ ನಂಬರ್ ಕೇಳಿ ದುಡ್ಡು ಹೊಡೆಯುವ ಆಟವೇ? ಅದಕ್ಕೆ 500 ಸಂಪಾದನೆ (ಪುಟ ತಿದ್ದಿ ಉಳಿಸಿದ್ದು) ಬೇಕಂತೆ, ನನ್ನದು 230 ಆಗಿದೆ. ಫೋಟೋ 140 ಹಾಕಿದ್ದೇನೆ, ವಿಕಿಸೋರ್ಸ್‌ನಲ್ಲಿ 90 ಪುಟದಷ್ಟು ತಿದ್ದಿದ್ದೇನೆ, ಅವು ಲೆಕ್ಕಕ್ಕೆ ಬರಲಾರವು. ಬೆಂಗಳೂರಿನಲ್ಲಿ ಎಂ.ಟೆಕ್ ಓದುವ ಅಣ್ಣನ ಮಗ ತನ್ನ ಕಾಲೇಜಿನ ಲಾಗಿನ್ ಕೊಡ್ತೀನಿ ಅನ್ನುತ್ತಾನೆ. ತಗೊಳ್ಳಲೇ? ಕೊನೆಗೊಂದು: ಓದುಗರಿಗೆ ತೆರೆಯಲಾಗದ ಪ್ರಬಂಧವನ್ನು ಉಲ್ಲೇಖವಾಗಿ ಕೊಟ್ಟರೆ ಅಳಿಸಿಹಾಕುತ್ತಾರಂತೆ, ಹೌದೇ?

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಲೆಕ್ಕ ಸರಿಮಾಡೋಣ. ಫೋಟೋ ಮತ್ತು ವಿಕಿಸೋರ್ಸ್ ಲೆಕ್ಕಕ್ಕೆ ಬರುತ್ತವೆ. 230ಕ್ಕೆ 140 ಸೇರಿಸಿ, 90 ಸೇರಿಸಿ. 460 ಆಯಿತು. ನಿಮಗೆ ಬಾಕಿ ಇರುವುದು 40, 270 ಅಲ್ಲ.

ನೀವು ಕೇಳಿದ ಉಚಿತ ಲೈಬ್ರರಿ ನಿಜವೇ, ಅದರ ಹೆಸರು ವಿಕಿಪೀಡಿಯ ಲೈಬ್ರರಿ. ಅದು ನೋಡುವುದು ಒಂದು ಭಾಷೆಯ ವಿಕಿಪೀಡಿಯವನ್ನಲ್ಲ. ವಿಕಿಮೀಡಿಯದ ಎಲ್ಲ ಯೋಜನೆಗಳಲ್ಲಿ ಒಂದೇ ಖಾತೆಯಿಂದ ಮಾಡಿದ ಕೆಲಸವನ್ನು ಒಟ್ಟು ಕೂಡಿಸುತ್ತದೆ. ಕಾಮನ್ಸ್‌ಗೆ ಹಾಕಿದ ಕೆರೆಯ ಫೋಟೋ, ವಿಕಿಸೋರ್ಸ್‌ನಲ್ಲಿ ತಿದ್ದಿದ ಹಳೇ ಪುಸ್ತಕದ ಪುಟ, ವಿಕಿಡೇಟಾದಲ್ಲಿ ಊರಿನ ಹೆಸರಿಗೆ ಸೇರಿಸಿದ ಕನ್ನಡ ರೂಪ, ಎಲ್ಲ ಒಂದೇ ಚೀಲಕ್ಕೆ. ನಿಮ್ಮ ‘ಕಾಣಿಕೆಗಳು’ ಪುಟದಲ್ಲಿ ಕಾಣುವುದು ಕನ್ನಡ ವಿಕಿಪೀಡಿಯದ್ದು ಮಾತ್ರ. ಅದಕ್ಕೇ 230 ಅಂತ ಕಂಡಿದೆ. ನಿಮ್ಮ ಜಾಗತಿಕ ಖಾತೆಯ ಪುಟ ತೆರೆದು ನೋಡಿ. ಯಾವ ಯೋಜನೆಯಲ್ಲಿ ಎಷ್ಟು ಅಂತ ಸಾಲಾಗಿ ಕಾಣುತ್ತದೆ.

ಉಳಿದ ಷರತ್ತು ಮೂರು. ಖಾತೆಗೆ ಆರು ತಿಂಗಳು ತುಂಬಿರಬೇಕು, ನಿಮ್ಮದು ತುಂಬಿದೆ. ಕಳೆದ 30 ದಿನಗಳಲ್ಲಿ ಕನಿಷ್ಠ 10 ಸಂಪಾದನೆ ಇರಬೇಕು. ಯಾವ ಯೋಜನೆಯಲ್ಲೂ ಖಾತೆಗೆ ತಡೆ ಬಿದ್ದಿರಬಾರದು. ಅಷ್ಟೇ. ಒಳಗೆ ಬಿಡಲು ಡಿಗ್ರಿ ಕೇಳುವುದಿಲ್ಲ, ಕಾಲೇಜಿನ ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ಕಾರ್ಡ್ ನಂಬರ್ ಅಂತೂ ಇಲ್ಲವೇ ಇಲ್ಲ. ಹಾಗೆ ಯಾರಾದರೂ ಕೇಳಿದರೆ ಅದು ಬೇರೆ ಯಾವುದೋ ಜಾಗ, ಕೂಡಲೇ ಮುಚ್ಚಿ. ಲೈಬ್ರರಿಯೊಳಗೆ ಹೋಗುವುದು ವಿಕಿಪೀಡಿಯದ ಇದೇ ಹೆಸರು, ಇದೇ ಪಾಸ್‌ವರ್ಡ್‌ನಿಂದ. 500 ಮುಟ್ಟಿದ ಮೇಲೆ ಪುಟದ ಮೇಲಿನ ಗಂಟೆ ಚಿಹ್ನೆಯಲ್ಲಿ ತಾನಾಗಿ ಸೂಚನೆ ಬರುತ್ತದೆ.

ನಾನು 26 ವರ್ಷ ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡಿದವಳು. ವಿಕಿಪೀಡಿಯದಲ್ಲೂ ಹತ್ತು ವರ್ಷದಿಂದ ಕೈಯಾಡಿಸುತ್ತಿದ್ದೇನೆ. ‘ಉಚಿತ’ ಅಂದ ಕೂಡಲೇ ಅನುಮಾನ ಪಡುವುದು ಒಳ್ಳೆಯ ಅಭ್ಯಾಸವೇ. ಹಾಗಾಗಿ ಇದು ಯಾಕೆ ಉಚಿತ, ಯಾರು ಯಾಕೆ ಕೊಡುತ್ತಾರೆ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಸಂಶೋಧನಾ ಪತ್ರಿಕೆಗಳ ವ್ಯಾಪಾರ ವಿಚಿತ್ರವಾದದ್ದು. ಪ್ರಬಂಧ ಬರೆದವರಿಗೆ ಪ್ರಕಾಶಕರು ಸಂಭಾವನೆ ಕೊಡುವುದಿಲ್ಲ. ಅದನ್ನು ಓದಿ ಸರಿ ತಪ್ಪು ಹೇಳುವ ವಿದ್ವಾಂಸರಿಗೂ ಸಾಮಾನ್ಯವಾಗಿ ಏನೂ ಇಲ್ಲ. ಅವರಿಗೆಲ್ಲ ಸಂಬಳ ಕೊಡುವುದು ವಿಶ್ವವಿದ್ಯಾಲಯ, ಬಹಳ ಸಲ ಸರ್ಕಾರ. ಆಮೇಲೆ ಅದೇ ವಿಶ್ವವಿದ್ಯಾಲಯದ ಲೈಬ್ರರಿ ಅದೇ ಪ್ರಬಂಧವನ್ನು ಚಂದಾ ಕಟ್ಟಿ ಕೊಳ್ಳಬೇಕು. ನಾವು ಒಂದು ಪತ್ರಿಕೆ ಬೇಕು ಅಂದರೆ ನೂರು ಪತ್ರಿಕೆಯ ಕಟ್ಟು ತೋರಿಸುತ್ತಿದ್ದರು. ಸಂತೆಯಲ್ಲಿ ಒಂದು ಸೌತೆಕಾಯಿಗೆ ಇಡೀ ಬುಟ್ಟಿ ಕಟ್ಟಿಸಿದ ಹಾಗೆ. ನಿಮ್ಮ ಕಣ್ಣಿಗೆ ಬಿದ್ದ ಆ ಮೂರು ಸಾವಿರದ ಬೆಲೆ ಇದೆಯಲ್ಲ, ಅದು ನಿಮ್ಮಂಥ ಒಬ್ಬರು ಕೊಳ್ಳಲಿ ಅಂತ ಇಟ್ಟದ್ದಲ್ಲ ಅಂತಲೇ ನನ್ನ ಅನಿಸಿಕೆ. ಬಿಡಿಯಾಗಿ ಅಷ್ಟು ದುಬಾರಿ ಇದ್ದರೆ ಕಟ್ಟು ಅಗ್ಗ ಅನ್ನಿಸುತ್ತದೆ, ಅಲ್ವಾ?

ಅಂಥ ಪ್ರಕಾಶಕರು ವಿಕಿಪೀಡಿಯದವರಿಗೆ ಸುಮ್ನೆ ಯಾಕೆ ಕೊಡುತ್ತಾರೆ? ದಾನಬುದ್ಧಿ ಸ್ವಲ್ಪ ಇರಬಹುದು. ಲಾಭವೂ ಇದೆ. ಒಬ್ಬ ಸಂಪಾದಕ ಓದಿ ಉಲ್ಲೇಖ ಹಾಕಿದರೆ ಆ ಪತ್ರಿಕೆಯ ಹೆಸರು ಲಕ್ಷಾಂತರ ಜನರ ಕಣ್ಣಿಗೆ ಬೀಳುತ್ತದೆ. ಕೊಟ್ಟವರಿಗೆ ಹೆಚ್ಚಿನ ಖರ್ಚೂ ಇಲ್ಲ. 2010ರಲ್ಲಿ ಕ್ರೆಡೊ ರೆಫರೆನ್ಸ್ ಅನ್ನುವ ಸಂಸ್ಥೆ ಸಂಪಾದಕರಿಗೆ 400 ಖಾತೆಗಳನ್ನು ಕೊಟ್ಟಿತು. ಅಲ್ಲಿಂದ ಶುರುವಾದದ್ದು ಈಗ ನೂರಕ್ಕೂ ಹೆಚ್ಚು ಸಂಗ್ರಹಗಳಿಗೆ ಬೆಳೆದಿದೆ. ಸಂಶೋಧನಾ ಪತ್ರಿಕೆಗಳ ಭಂಡಾರವಾದ ಜೆಸ್ಟೋರ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಸ್ಪ್ರಿಂಗರ್ ನೇಚರ್, ವೈಲಿ, ಟೇಲರ್ ಅಂಡ್ ಫ್ರಾನ್ಸಿಸ್ ಎಲ್ಲ ಅದರಲ್ಲಿವೆ.

ಇದನ್ನು ಎಲ್ಲರೂ ಮೆಚ್ಚಿಲ್ಲ. 2015ರಲ್ಲಿ ಎಲ್ಸೆವಿಯರ್ ಅನ್ನುವ ದೊಡ್ಡ ಪ್ರಕಾಶನ ಸಂಸ್ಥೆ 45 ಖಾತೆ ಕೊಟ್ಟಾಗ ಮುಕ್ತ ಸಂಶೋಧನೆಯ ಪರ ಇರುವ ಜೀವವಿಜ್ಞಾನಿ ಮೈಕಲ್ ಐಸನ್ ಸಿಟ್ಟಾಗಿದ್ದರು. ಎಲ್ಲರಿಗೂ ತೆರೆದ ವಿಶ್ವಕೋಶವೇ ಓದುಗರನ್ನು ಬೀಗ ಹಾಕಿದ ಬಾಗಿಲಿಗೆ ಕಳಿಸುವುದು ಸರಿಯೇ ಅನ್ನುವುದು ಆಗಿನ ಚರ್ಚೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ನಾನು ಈ ಲೈಬ್ರರಿಯ ಪರ. ಪ್ರಬಂಧ ಓದಲಾಗದವರಿಗೆ ಅದರ ತಿರುಳನ್ನು ಕನ್ನಡದಲ್ಲಿ ಹೇಳುವವರು ಒಬ್ಬರಾದರೂ ಅದನ್ನು ಪೂರ್ತಿ ಓದಿರಬೇಕಲ್ಲ.

ಒಳಗೆ ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದಿದ್ದರೆ ಮುಂದೊಂದು ತಪ್ಪು ತಪ್ಪುತ್ತದೆ. ಪ್ರಕಾಶಕರ ಕಂಪ್ಯೂಟರ್ ನಿಮ್ಮ ಮುಖ ನೋಡುವುದಿಲ್ಲ, ನೀವು ಯಾವ ಜಾಲದಿಂದ ಬಂದಿರಿ ಅಂತ ನೋಡುತ್ತದೆ. ಕಾಲೇಜಿನ ಜಾಲದಿಂದ ಬಂದರೆ ಬಾಗಿಲು ತೆರೆಯುತ್ತದೆ, ಮನೆಯ ಮೊಬೈಲ್‌ನಿಂದ ಬಂದರೆ ದುಡ್ಡು ಕೇಳುತ್ತದೆ. ವಿಕಿಪೀಡಿಯ ಲೈಬ್ರರಿ ನಡುವೆ ಒಂದು ಪ್ರಾಕ್ಸಿ ಸರ್ವರ್ ಇಟ್ಟಿದೆ. ನೀವು ಅದಕ್ಕೆ ಹೇಳುತ್ತೀರಿ, ಅದು ಪ್ರಕಾಶಕರ ಹತ್ತಿರ ಹೋಗಿ ತಂದುಕೊಡುತ್ತದೆ. ಆಗ ಬ್ರೌಸರಿನ ಮೇಲ್ಗಡೆ ವಿಳಾಸ ಕಾಣುವ ಸಾಲನ್ನು ಗಮನಿಸಿ. ಜೆಸ್ಟೋರ್ ವಿಳಾಸದ ಚುಕ್ಕೆಗಳೆಲ್ಲ ಅಡ್ಡಗೆರೆಗಳಾಗಿ, ಬಾಲಕ್ಕೆ ವಿಕಿಪೀಡಿಯ ಲೈಬ್ರರಿ, ಒಸಿಎಲ್‌ಸಿ ಅಂತೆಲ್ಲ ಅಂಟಿಕೊಂಡು ಉದ್ದವಾಗಿರುತ್ತದೆ. ಹೊಸಬರು ಮಾಡುವ ತಪ್ಪು ಅಂದರೆ ಆ ಉದ್ದನೆಯ ವಿಳಾಸವನ್ನೇ ಎತ್ತಿ ಲೇಖನದ ಉಲ್ಲೇಖಕ್ಕೆ ಹಾಕುವುದು. ಒತ್ತಿದ ಓದುಗರಿಗೆ ಪ್ರಬಂಧದ ಪುಟದ ಬದಲು ವಿಕಿಪೀಡಿಯದ ಲಾಗಿನ್ ಪುಟ ಬರುತ್ತದೆ. ಅದರ ಬದಲು ಪ್ರಬಂಧದ ಡಿಒಐ ಸಂಖ್ಯೆ ಹಾಕಿ. ಸಾಮಾನ್ಯವಾಗಿ ಮೊದಲ ಪುಟದಲ್ಲೇ ಇರುತ್ತದೆ, 10 ಅಂತ ಶುರುವಾಗುತ್ತದೆ. ವಿಳಾಸ ಬದಲಾದರೂ ಆ ಸಂಖ್ಯೆ ಹಾಗೇ ಇರುತ್ತದೆ.

ಇನ್ನು ಅಳಿಸಿಹಾಕುವ ವಿಷಯ. ಇದು ತುಂಬಾ ಜನ ನಂಬಿರುವ ಸುಳ್ಳು. ವಿಕಿಪೀಡಿಯದ ನಿಯಮ ಕೇಳುವುದು ‘ಪರಿಶೀಲಿಸಲು ಸಾಧ್ಯವೇ’ ಅಂತ. ಮನೆಯಲ್ಲಿ ಕೂತು ಬಿಟ್ಟಿಯಾಗಿ ಪರಿಶೀಲಿಸಲು ಸಾಧ್ಯವೇ ಅಂತ ಕೇಳುವುದಿಲ್ಲ. ಧಾರವಾಡದ ಒಂದು ಲೈಬ್ರರಿಯಲ್ಲಿ ಮಾತ್ರ ಇರುವ ಮುದ್ರಿತ ಪುಸ್ತಕವನ್ನೂ ಉಲ್ಲೇಖಿಸಬಹುದು. ಹಾಗೆಯೇ ಚಂದಾ ಬೇಕಾದ ಪ್ರಬಂಧವನ್ನೂ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಅಂಥ ಉಲ್ಲೇಖದ ಪಕ್ಕ ಕೆಂಪು ಬೀಗದ ಚಿತ್ರ ಹಾಕುವ ಏರ್ಪಾಡಿದೆ, ಉಚಿತವಾಗಿದ್ದರೆ ಹಸಿರು ಬೀಗ. ‘ನನಗೆ ತೆರೆಯಲಿಲ್ಲ’ ಅಂತ ಯಾರಾದರೂ ನಿಮ್ಮ ಉಲ್ಲೇಖ ತೆಗೆದರೆ ಚರ್ಚೆ ಪುಟದಲ್ಲಿ ಮರ್ಯಾದೆಯಿಂದ ಕೇಳಿ, ಸಂಬಂಧಪಟ್ಟ ಸಾಲನ್ನು ಅಲ್ಲಿ ಬರೆದು ತೋರಿಸಿ. ಬಗೆಹರಿಯದಿದ್ದರೆ ಕನ್ನಡ ವಿಕಿಪೀಡಿಯದವರೆಲ್ಲ ಸೇರಿ ಚರ್ಚಿಸುವ ‘ಅರಳಿ ಕಟ್ಟೆ’ ಪುಟಕ್ಕೆ ತನ್ನಿ. ಒಂದೇ ಮಾತಿಗೆ ಬೀಗ ಇಲ್ಲದ ಇನ್ನೊಂದು ಒಳ್ಳೆಯ ಮೂಲವೂ ಸಿಕ್ಕರೆ ಎರಡನ್ನೂ ಕೊಡಿ. ಓದುಗರಿಗೆ ಅದು ಉಪಕಾರ.

ಅಳಿಸಲೇಬೇಕಾದದ್ದು ಬೇರೆ ಇದೆ. ನೀವು ಓದದೇ ಇರುವ ಪ್ರಬಂಧದ ಉಲ್ಲೇಖ. ಇಲ್ಲಿ ನಿಮ್ಮ ವಿಷಯಕ್ಕೇ ಬರುತ್ತೇನೆ, ಯಾಕೆಂದರೆ ಮಂಗನ ಕಾಯಿಲೆ ಇದಕ್ಕೆ ಒಳ್ಳೆಯ ಉದಾಹರಣೆ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬಿದ್ದವು, ಜನರಿಗೆ ಜ್ವರ ಬಂತು, ಹೊಸ ವೈರಸ್ ಪತ್ತೆಯಾಯಿತು. ಉಣುಗು ಕಚ್ಚಿ ಹರಡುತ್ತದೆ ಅಂತ ಗೊತ್ತಾಯಿತು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈಗ ‘ಲಸಿಕೆ ಎಷ್ಟು ಕೆಲಸ ಮಾಡುತ್ತಿತ್ತು’ ಅನ್ನುವ ಒಂದೇ ಸಾಲು ಬರೆಯಬೇಕು ಅಂದುಕೊಳ್ಳಿ. 1994ರ ಒಂದು ಪ್ರಬಂಧ ಸಿಗುತ್ತದೆ, ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬಂದದ್ದು, ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಮಾಡಿದ ಅಧ್ಯಯನ. ಒಂದು ಡೋಸಿಗೆ ಶೇ. 79.3, ಎರಡು ಡೋಸಿಗೆ ಶೇ. 93.5 ರಕ್ಷಣೆ ಅನ್ನುತ್ತದೆ. ಅಷ್ಟು ಓದಿ ‘ಲಸಿಕೆ ಶೇ. 93.5 ಪರಿಣಾಮಕಾರಿ’ ಅಂತ ಬರೆದರೆ ಉಲ್ಲೇಖ ಸರಿಯಾಗೇ ಇರುತ್ತದೆ, ಮಾತು ದಾರಿತಪ್ಪಿಸುತ್ತದೆ. 2013ರಲ್ಲಿ ಪ್ಲಾಸ್ ನೆಗ್ಲೆಕ್ಟೆಡ್ ಟ್ರಾಪಿಕಲ್ ಡಿಸೀಸಸ್ ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಬಂತು. ಅದು ನೋಡಿದ್ದು 2005ರಿಂದ 2010ರವರೆಗಿನ ಅನುಭವವನ್ನು. ಎರಡು ಡೋಸಿಗೆ ಶೇ. 62.4, ಆಮೇಲೆ ಬೂಸ್ಟರ್ ಕೂಡ ತಗೊಂಡವರಿಗೆ ಶೇ. 82.9 ಅನ್ನುತ್ತದೆ. ಆಮೇಲೆ ಆ ಲಸಿಕೆ ಕೊಡುವುದನ್ನೇ ನಿಲ್ಲಿಸಿದರು. ಈ ಮೂರೂ ಸಂಗತಿ ಸೇರಿದರೇ ಆ ಒಂದು ಸಾಲು ಪೂರ್ತಿಯಾಗುವುದು.

ಇದರಿಂದ ಎರಡು ವಿಷಯ ಹೊರಡುತ್ತವೆ. ಒಂದು, ಸಾರಾಂಶ ನೋಡಿ ಬರೆಯುವುದರ ಅಪಾಯ. ಸಾರಾಂಶದಲ್ಲಿ ಫಲಿತಾಂಶ ಇರುತ್ತದೆ. ಎಷ್ಟು ಜನರ ಮೇಲೆ ನೋಡಿದರು, ಯಾರನ್ನು ಬಿಟ್ಟರು, ತಮ್ಮ ಅಧ್ಯಯನದ ಕೊರತೆ ಏನು ಅಂತ ಅವರೇ ಒಪ್ಪಿಕೊಂಡದ್ದು ಸಾಮಾನ್ಯವಾಗಿ ಒಳಗಿರುತ್ತದೆ. ಹಾಗಾಗಿ ವೈದ್ಯಕೀಯ ಲೇಖನಗಳಿಗೆ ವಿಕಿಪೀಡಿಯದಲ್ಲಿ ಬಿಡಿ ಅಧ್ಯಯನಗಳಿಗಿಂತ ಅವೆಲ್ಲವನ್ನೂ ಒಟ್ಟಿಗೆ ತೂಗಿ ನೋಡುವ ರಿವ್ಯೂ ಪ್ರಬಂಧಗಳಿಗೆ ಜಾಸ್ತಿ ಬೆಲೆ. ಕಾಯಿಲೆಯ ಬಗ್ಗೆ ಓದುವವರಲ್ಲಿ ಜ್ವರ ಬಂದ ಮನೆಯವರೂ ಇರುತ್ತಾರೆ. ಇಲ್ಲಿ ಇನ್ನೂ ಒಂದು ತೂಕ ಜಾಸ್ತಿ ಎಚ್ಚರಿಕೆ ಬೇಕು.

ಎರಡನೆಯದು ನಿಮಗೆ ಸಮಾಧಾನ ಕೊಡಬಹುದು. ಪ್ಲಾಸ್ ಪತ್ರಿಕೆಗೆ ಬೀಗವೇ ಇಲ್ಲ. ನಾಳೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಪೂರ್ತಿ ಓದಬಹುದು. ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನ ಈಚಿನ ಸಂಚಿಕೆಗಳೂ ಹಾಗೆಯೇ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೊರತರುವ ಎಮರ್ಜಿಂಗ್ ಇನ್‌ಫೆಕ್ಷಿಯಸ್ ಡಿಸೀಸಸ್ ಪತ್ರಿಕೆಯೂ ತೆರೆದದ್ದು. ಅದರಲ್ಲೂ ಮಂಗನ ಕಾಯಿಲೆ ಬಗ್ಗೆ ಪ್ರಬಂಧಗಳಿವೆ. ನೀವು ಬೀಗ ಕಂಡ ಒಂದು ಬಾಗಿಲ ಮುಂದೆ ನಿಂತುಬಿಟ್ಟಿದ್ದೀರಿ, ಪಕ್ಕದ ಬಾಗಿಲು ತೆರೆದೇ ಇತ್ತು.

ಹುಡುಕುವ ಬಗೆ ಹೇಳುತ್ತೇನೆ. ವೈದ್ಯಕೀಯ ಪ್ರಬಂಧಗಳನ್ನು ಹುಡುಕುವ ತಾಣವಾದ ಪಬ್‌ಮೆಡ್‌ಗೆ ಹೋಗಿ ಕಾಯಿಲೆಯ ಇಂಗ್ಲಿಷ್ ಹೆಸರು ಹಾಕಿ. ಎಡಗಡೆ ಸಾಲಾಗಿ ಚೌಕಗಳಿರುತ್ತವೆ. ‘ಫ್ರೀ ಫುಲ್ ಟೆಕ್ಸ್ಟ್’ ಮತ್ತು ‘ರಿವ್ಯೂ’ ಎರಡಕ್ಕೂ ಗುರುತು ಹಾಕಿ. ಉಳಿದ ಪಟ್ಟಿಯಿಂದ ಈಚಿನ ಎರಡು ಮೂರು ತೆಗೆದು ಓದಿ. ನಿಮ್ಮ ಲೇಖನದ ಬೆನ್ನೆಲುಬು ಅಲ್ಲೇ ಸಿಗುತ್ತದೆ. ಬಿಡಿ ಪ್ರಬಂಧ ಬೇಕಾದರೆ ಗೂಗಲ್ ಸ್ಕಾಲರ್‌ನಲ್ಲಿ ಹೆಸರು ಹಾಕಿ ಬಲಗಡೆ ಪಿಡಿಎಫ್ ಇದೆಯೇ ನೋಡಿ. ಇಲ್ಲದಿದ್ದರೆ ಕೆಳಗೆ ‘ಆಲ್ ವರ್ಶನ್ಸ್’ ಅಂತ ಇರುವುದನ್ನು ಒತ್ತಿ. ಲೇಖಕರು ತಮ್ಮ ಸಂಸ್ಥೆಯ ಜಾಲತಾಣದಲ್ಲಿ ಇಟ್ಟ ಪ್ರತಿ ಕೆಲವು ಸಲ ಅಲ್ಲಿರುತ್ತದೆ. ಅನ್‌ಪೇವಾಲ್ ಅನ್ನುವ ಒಂದು ಸಣ್ಣ ಉಪಕರಣವನ್ನು ಬ್ರೌಸರಿಗೆ ಸೇರಿಸಿಕೊಂಡರೆ ಇದೇ ಕೆಲಸ ತಾನಾಗಿ ಆಗುತ್ತದೆ. ಕಾನೂನುಬದ್ಧ ಉಚಿತ ಪ್ರತಿ ಎಲ್ಲಾದರೂ ಇದ್ದರೆ ಪುಟದ ಅಂಚಿನಲ್ಲಿ ತೆರೆದ ಬೀಗ ಹಸಿರಾಗುತ್ತದೆ.

ಇದ್ಯಾವುದೂ ಆಗದಿದ್ದರೆ ಬರೆದವರಿಗೇ ಒಂದು ಇ-ಮೇಲ್ ಹಾಕಿ. ಬೀಗ ಹಾಕಿದ ಪ್ರಬಂಧದ ಸಾರಾಂಶದ ಪುಟದಲ್ಲೂ ಮುಖ್ಯ ಲೇಖಕರ ವಿಳಾಸ ಸಾಮಾನ್ಯವಾಗಿ ಇರುತ್ತದೆ. ನನ್ನ ಅನುಭವದಲ್ಲಿ ವಿಜ್ಞಾನಿಗಳು ಇದಕ್ಕೆ ಸಿಟ್ಟಾಗುವುದಿಲ್ಲ, ಯಾರೋ ಓದುತ್ತಾರಲ್ಲ ಅಂತ ಖುಷಿ ಪಡುತ್ತಾರೆ. ‘ನಿವೃತ್ತ ಮೇಷ್ಟ್ರು, ಕನ್ನಡ ವಿಕಿಪೀಡಿಯಕ್ಕೆ ಬರೆಯುತ್ತಿದ್ದೇನೆ, ಇಂಥ ಪ್ರಬಂಧದ ಪ್ರತಿ ಬೇಕಿತ್ತು’ ಅಂತ ಮೂರು ಸಾಲು ಸಾಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ ರಿಸೋರ್ಸ್ ಎಕ್ಸ್‌ಚೇಂಜ್ ಅನ್ನುವ ಪುಟವೂ ಇದೆ. ಇಂಥದ್ದು ಬೇಕು ಅಂತ ಬರೆದಿಟ್ಟರೆ ಇರುವವರು ಸಹಾಯ ಮಾಡುತ್ತಾರೆ. ಅಲ್ಲಿ 500ರ ಲೆಕ್ಕ ಇಲ್ಲ.

ಈಗ ಅಣ್ಣನ ಮಗನ ಲಾಗಿನ್. ಬೇಡ.

ಅವನ ಪ್ರೀತಿ ದೊಡ್ಡದು, ಒಪ್ಪಿದೆ. ಆದರೆ ಸಿಕ್ಕಿಬೀಳುವುದು ನೀವಲ್ಲ, ಅವನು. ಯಾರ ಹೆಸರಿನಲ್ಲಿ ಏನು ಇಳಿಸಿಕೊಂಡರು ಅನ್ನುವ ದಾಖಲೆ ಕಾಲೇಜಿನಲ್ಲಿ ಉಳಿಯುತ್ತದೆ. ನಾನು ಕೆಲಸ ಮಾಡುತ್ತಿದ್ದ ಕಡೆ ಒಮ್ಮೆ ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಒಬ್ಬ ದೊಡ್ಡ ಪ್ರಕಾಶಕರ ಅಷ್ಟೂ ಪತ್ರಿಕೆ ಬಂದ್. ಇಡೀ ಕ್ಯಾಂಪಸ್ಸಿಗೆ. ಶನಿವಾರ ರಾತ್ರಿ ಒಂದೇ ಲಾಗಿನ್‌ನಿಂದ ಒಂದು ಪತ್ರಿಕೆಯ ಹಳೇ ಸಂಪುಟಗಳೆಲ್ಲ ಸಾಲಾಗಿ ಇಳಿದಿದ್ದವು. ಆ ಹುಡುಗಿ ಅಳುತ್ತಾ ಬಂದಳು. ಅವಳು ಇಳಿಸಿದ್ದೇ ಅಲ್ಲ, ಊರಿನ ಗೆಳೆಯನೊಬ್ಬನಿಗೆ ಪಾಸ್‌ವರ್ಡ್ ಕೊಟ್ಟಿದ್ದಳು. ಅವನಿಗೂ ಕೆಟ್ಟ ಉದ್ದೇಶ ಇರಲಿಲ್ಲ, ಮುಂದೆ ಓದೋಣ ಅಂತ ಸಾಫ್ಟ್‌ವೇರ್ ಹಾಕಿ ಮಲಗಿದ್ದ. ಬೀಗ ತೆಗೆಸಲು ನನಗೆ ಒಂಬತ್ತು ದಿನ ಹಿಡಿಯಿತು. ಪಿಎಚ್‌ಡಿ ಬರೆಯುತ್ತಿದ್ದವರ ಬೈಗುಳ ಬೇರೆ.

ವಿಕಿಪೀಡಿಯ ಲೈಬ್ರರಿಯಲ್ಲೂ ಇದೇ ನಿಯಮ. ನಿಮಗೆ ಸಿಕ್ಕ ಪ್ರವೇಶ ನಿಮ್ಮದು ಮಾತ್ರ. ಬೇಕಾದಷ್ಟು ಓದಿ, ಬೇಕಾದ್ದು ಇಳಿಸಿಕೊಳ್ಳಿ, ಯಂತ್ರ ಹಚ್ಚಿ ರಾಶಿ ಹಾಕಬೇಡಿ. ರಾಶಿ ಇಳಿಸಿದ್ದಕ್ಕೆ 2011ರಲ್ಲಿ ಅಮೆರಿಕದಲ್ಲಿ ಏರನ್ ಸ್ವಾರ್ಟ್ಜ್ ಅನ್ನುವ ಪ್ರತಿಭಾವಂತ ಹುಡುಗನ ಮೇಲೆ ಕ್ರಿಮಿನಲ್ ಕೇಸು ಬಿತ್ತು. ಎಂಐಟಿ ವಿಶ್ವವಿದ್ಯಾಲಯದ ಜಾಲದಿಂದ ಜೆಸ್ಟೋರ್ ಪ್ರಬಂಧಗಳನ್ನು ಲಕ್ಷಗಟ್ಟಲೆ ಇಳಿಸಿದ್ದ. ಕೇಸು ನಡೆಯುತ್ತಿರುವಾಗಲೇ 2013ರ ಜನವರಿಯಲ್ಲಿ ತೀರಿಕೊಂಡ, 26 ವರ್ಷ ವಯಸ್ಸು. ನಮ್ಮ ವೃತ್ತಿಯವರು ಅದನ್ನು ಇವತ್ತಿಗೂ ಮರೆತಿಲ್ಲ. ಆ ಕೇಸು ನಡೆಸಿದ ರೀತಿ ನ್ಯಾಯವಾಗಿರಲಿಲ್ಲ ಅಂತಲೇ ನಾನು ತಿಳಿದಿದ್ದೇನೆ.

ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ: ಸೈ-ಹಬ್. ಅದು ಪ್ರಕಾಶಕರ ಅನುಮತಿ ಇಲ್ಲದೆ ಪ್ರಬಂಧಗಳನ್ನು ಹಂಚುವ ತಾಣ. ಎಲ್ಸೆವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ ಸೇರಿ 2020ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟಿಗೆ ಹೋದವು. 2025ರ ಆಗಸ್ಟ್‌ನಲ್ಲಿ ಅದನ್ನು ಭಾರತದಲ್ಲಿ ಮುಚ್ಚಿಸಲು ಕೋರ್ಟ್ ಆದೇಶ ಮಾಡಿತು. ಅದರ ಬಗ್ಗೆ ನಿಮಗೂ ನನಗೂ ಏನೇ ಅಭಿಪ್ರಾಯ ಇರಲಿ, ಅಂಥ ಪ್ರತಿಗೆ ವಿಕಿಪೀಡಿಯದಲ್ಲಿ ಕೊಂಡಿ ಕೊಡುವ ಹಾಗಿಲ್ಲ. ಕೊಟ್ಟರೆ ತೆಗೆಯುತ್ತಾರೆ, ಮತ್ತೆ ಮತ್ತೆ ಕೊಟ್ಟರೆ ಖಾತೆಗೆ ತಡೆ ಬೀಳಬಹುದು. ತಡೆ ಬಿದ್ದ ಖಾತೆಗೆ ಲೈಬ್ರರಿಯೂ ಇಲ್ಲ.

ಸರ್ಕಾರದ ‘ಒಂದು ದೇಶ ಒಂದು ಚಂದಾ’ ಯೋಜನೆಯಿಂದ ನಿಮಗೆ ಸಿಗುವುದಿಲ್ಲವೇ ಅಂತಲೂ ಜನ ಕೇಳುತ್ತಾರೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಅದು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆ. ಆದರೆ ಅದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ಮತ್ತು ಸಂಶೋಧನಾ ಕೇಂದ್ರಗಳ ಒಳಗಿನವರಿಗೆ. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಪತ್ರಕರ್ತರು, ತಾಲ್ಲೂಕು ಆಸ್ಪತ್ರೆಯ ಎದುರು ಕ್ಲಿನಿಕ್ ಇಟ್ಟ ಡಾಕ್ಟರು, ಇವರಿಗೆಲ್ಲ ಇಲ್ಲ. ಹತ್ತಿರದ ಸರ್ಕಾರಿ ಕಾಲೇಜಿನ ಗ್ರಂಥಪಾಲಕರನ್ನು ಹೋಗಿ ಕಾಣಿ. ಹೊರಗಿನವರಿಗೆ ಅಲ್ಲೇ ಕೂತು ಓದಲು ಬಿಡುತ್ತಾರೋ ಇಲ್ಲವೋ ಅದು ಆ ಕಾಲೇಜಿನ ನಿಯಮ. ಕೇಳಿದರೆ ಕಳೆದುಕೊಳ್ಳುವುದೇನೂ ಇಲ್ಲ. ನಾವು ಗ್ರಂಥಪಾಲಕರು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಲು ಇಷ್ಟಪಡದ ಜಾತಿ.

ಉಳಿದ 40ಕ್ಕೆ ಬರೋಣ. ಒಂದು ಅಲ್ಪವಿರಾಮಕ್ಕೆ ಒಂದು ಸಲ ಉಳಿಸಿ, ಒಂದು ಚುಕ್ಕೆಗೆ ಇನ್ನೊಂದು ಸಲ ಉಳಿಸಿ ಸಂಖ್ಯೆ ಬೆಳೆಸುವವರಿದ್ದಾರೆ. ಬದಲಾವಣೆಗಳ ಪಟ್ಟಿಯಲ್ಲಿ ಅದು ಎಲ್ಲರಿಗೂ ಕಾಣುತ್ತದೆ, ಹೆಸರು ಕೆಡುತ್ತದೆ. ನಿಮ್ಮ ಕತೆ ಬಹುಶಃ ತಿರುಗಾಮುರುಗಾ ಇರಬಹುದು. ಎಂಟು ತಿಂಗಳಿಗೆ 230 ಅಂದರೆ ನೀವು ಬೇರೆ ಕಡೆ ಪೂರ್ತಿ ಬರೆದು, ತಂದು ಒಂದೇ ಸಲ ಅಂಟಿಸುವವರು ಅಂತ ನನ್ನ ಊಹೆ. ಪಾಠದ ಟಿಪ್ಪಣಿ ಬರೆದವರ ಅಭ್ಯಾಸ ಅದು. ನಿಮ್ಮ ಪ್ರಯೋಗಪುಟದಲ್ಲೇ ಬರೆಯಿರಿ, ಒಂದೊಂದು ಪ್ಯಾರಾ ಮುಗಿದಾಗ ಉಳಿಸಿ. ಕರೆಂಟ್ ಹೋದರೆ ಬರೆದದ್ದೂ ಉಳಿಯುತ್ತದೆ, ಲೆಕ್ಕಕ್ಕೂ ಸೇರುತ್ತದೆ. ಮಂಗನ ಕಾಯಿಲೆಯ ಬರಹ ಮುಗಿಯುವಷ್ಟರಲ್ಲಿ 40 ತಾನಾಗೇ ದಾಟಿರುತ್ತದೆ.

ಒಳಗೆ ಹೋದ ಮೇಲೆ ಒಂದು ನಿರಾಸೆಗೆ ತಯಾರಿರಿ. ಕೆಲವು ಸಂಗ್ರಹಗಳಲ್ಲಿ ಖಾತೆಗಳ ಸಂಖ್ಯೆ ಮಿತವಾಗಿದೆ, ಬೇರೆಯಾಗಿ ಅರ್ಜಿ ಹಾಕಿ ಕಾಯಬೇಕು. ಅದಕ್ಕಿಂತ ದೊಡ್ಡದು, ಅಲ್ಲಿ ಕನ್ನಡ ತೀರಾ ಕಡಿಮೆ. ಕರ್ನಾಟಕದ ಬಗ್ಗೆ ಇಂಗ್ಲಿಷಿನಲ್ಲಿ ಬಂದದ್ದು ಸಾಕಷ್ಟಿದೆ. ಜೆಸ್ಟೋರ್ ಒಂದರಲ್ಲೇ ಇಂಡಿಯನ್ ಹಿಸ್ಟರಿ ಕಾಂಗ್ರೆಸ್ಸಿನ ವರದಿಗಳು, ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ, ಸಾಹಿತ್ಯ ಅಕಾಡೆಮಿಯ ಇಂಡಿಯನ್ ಲಿಟರೇಚರ್ ಇವೆ. ಅಂದಹಾಗೆ ಜೆಸ್ಟೋರ್‌ಗೆ ಲೈಬ್ರರಿ ಬೇಕಂತಲೂ ಇಲ್ಲ. ಸ್ವಂತ ಉಚಿತ ಖಾತೆ ಮಾಡಿಕೊಂಡರೆ ತಿಂಗಳಿಗೆ 100 ಪ್ರಬಂಧ ಆನ್‌ಲೈನಿನಲ್ಲೇ ಓದಬಹುದು, ಇಳಿಸಿಕೊಳ್ಳಲು ಮಾತ್ರ ಆಗದು. ಇವತ್ತೇ ಮಾಡಿಕೊಳ್ಳಿ.

ಕನ್ನಡದ ಮೂಲಗಳ ಸಮಸ್ಯೆ ಬೇರೆ ತರಹದ್ದು. ಅವಕ್ಕೆ ಬೀಗ ಹಾಕಿದವರು ಯಾರೂ ಇಲ್ಲ. ಸ್ಕ್ಯಾನ್ ಮಾಡಿದವರೂ ಕಡಿಮೆ. 1957ರಲ್ಲಿ ಕನ್ನಡ ಪತ್ರಿಕೆಗಳು ಕ್ಯಾಸನೂರಿನ ಜ್ವರವನ್ನು ಹೇಗೆ ಬರೆದವು ಅಂತ ನೋಡಬೇಕಾದರೆ ಯಾವ ಲಾಗಿನ್ನೂ ಸಾಲದು, ಹಳೇ ಪತ್ರಿಕೆಯ ಕಟ್ಟು ಇರುವ ಲೈಬ್ರರಿಗೇ ಹೋಗಬೇಕು. ಸಿಕ್ಕಿರುವುದೂ ಸ್ವಲ್ಪ ಇದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು, ವಿಕಿಸೋರ್ಸ್‌ನಲ್ಲಿ ಅದರ ಬರಹಗಳಿವೆ. ನಾಳೆ ನಿಮಗೆ ಕೆಳದಿ, ಇಕ್ಕೇರಿ ಬಗ್ಗೆ ಬರೆಯುವ ಮನಸ್ಸಾದರೆ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೇ ಸಂಪುಟ ತೆಗೆಯಿರಿ. ಬಿ. ಎಲ್. ರೈಸ್ ಸಂಗ್ರಹಿಸಿದ ಸಾಗರ, ಸೊರಬದ ಶಾಸನಗಳು ಅದರಲ್ಲಿವೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಅನ್ನುವ ಜಾಲತಾಣ ಇದೆ, ಕನ್ನಡದಲ್ಲಿ ಬರೆದವೂ ಸಿಗುತ್ತವೆ. ಆದರೆ ಅಲ್ಲಿನ ಗುಣಮಟ್ಟ ಒಂದೇ ಸಮ ಇಲ್ಲ, ಕಾಳು ಜೊಳ್ಳು ನೀವೇ ನೋಡಬೇಕು.

ಇನ್ನೆರಡು ಮಾತು, ಬೇಗ ಹೇಳಿ ಮುಗಿಸುತ್ತೇನೆ. ‘ಇಂಗ್ಲಿಷಿನದು ಕನ್ನಡಕ್ಕೆ ಅನುವಾದ ಮಾಡಿದರೆ ಕಾಪಿರೈಟ್ ಇಲ್ಲ’ ಅಂತ ಕೆಲವರು ಹೇಳುತ್ತಾರೆ, ಅದು ತಪ್ಪು. ಅನುವಾದದ ಹಕ್ಕೂ ಹಕ್ಕುದಾರರದ್ದೇ. ಪ್ರಬಂಧದ ಸಂಗತಿಗಳು ಯಾರ ಸ್ವತ್ತೂ ಅಲ್ಲ, ಸಾಲುಗಳು ಅವರವು. ಓದಿ, ಪುಸ್ತಕ ಮುಚ್ಚಿಟ್ಟು, ಕ್ಲಾಸಿನಲ್ಲಿ ಮಕ್ಕಳಿಗೆ ಹೇಳಿದ ಹಾಗೆ ನಿಮ್ಮ ಮಾತಿನಲ್ಲಿ ಬರೆಯಿರಿ. ಅದು ನಿಮಗೆ ಬರುವ ವಿದ್ಯೆಯೇ. ಇನ್ನೊಂದು, ಎಐ ಚಾಟ್‌ಬಾಟ್‌ಗಳನ್ನು ಕೇಳಿ ಉಲ್ಲೇಖ ತರಬೇಡಿ. ಪತ್ರಿಕೆಯ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ಸೇರಿಸಿ, ಇಲ್ಲದ ಪ್ರಬಂಧವನ್ನೇ ಇದೆ ಅಂದುಬಿಡುತ್ತವೆ. ಡಿಒಐ ಹಾಕಿ ನೋಡಿದರೆ ಬೇರೇನೋ ತೆರೆಯುತ್ತದೆ, ಇಲ್ಲವೇ ಏನೂ ತೆರೆಯುವುದಿಲ್ಲ.

ಆ 30 ದಿನಕ್ಕೆ 10ರ ಷರತ್ತು 500 ದಾಟಿದ ಮೇಲೂ ಇರುತ್ತದೆ. ಅಡಿಕೆ ಕೊಯ್ಲು ಶುರುವಾಗಿ ತಿಂಗಳುಗಟ್ಟಲೆ ಕಂಪ್ಯೂಟರ್ ಮುಟ್ಟದೇ ಇದ್ದರೆ ಲೈಬ್ರರಿ ಮುಚ್ಚಿಕೊಳ್ಳುತ್ತದೆ. ಗಾಬರಿಯಾಗಬೇಡಿ, ಮತ್ತೆ ಹತ್ತು ಸಂಪಾದನೆ ಆದ ಮೇಲೆ ತೆರೆಯುತ್ತದೆ. ಕೊಯ್ಲಿಗೆ ಮುಂಚೆ ಬೇಕಾದ ಪ್ರಬಂಧಗಳನ್ನು ಇಳಿಸಿಟ್ಟುಕೊಂಡಿರಿ. ರಾತ್ರಿ ಅಡಿಕೆ ಸುಲಿಯುವವರ ಪಕ್ಕ ಕೂತು ಒಂದೆರಡು ಪುಟ ಓದಬಹುದು.